ಕೋಳಿಯಕ್ಕನ ಗಾದೆ

ಶಿವರಾತ್ರಿಯ ಮರುದಿನ ನಾನು ಮೊದಲ ಸಲ ಮನೆ ಬಿಟ್ಟೆ. ಸುಳಿಗಾಳಿ ನಾನು. ಶಾಲೆಗೂ ಹೋಗಿದ್ದೆ, ಪುಸ್ತಕದ ಹಾಳೆ ಮಗುಚುವುದರಾಚೆಗೆ ಓದು ಹತ್ತಲಿಲ್ಲ. ಅಲೆಯುತ್ತಾ ಅಲೆಯುತ್ತಾ ಯುಗಾದಿಯ ಹೊತ್ತಿಗೆ ಒಂದು ಹಿತ್ತಿಲಿಗೆ ಬಂದೆ. ಮುಟ್ಟಿದರೆ ಪುಡಿಯಾಗುವಷ್ಟು ಹುಲ್ಲು ಒಣಗಿತ್ತು. ಅಲ್ಲಿ ಕೋಳಿಯೊಂದು ಹಬ್ಬಕ್ಕೆ ಚೊಕ್ಕವಾಗಲೆಂದು ತರಗೆಲೆ ಕೆದರಿ ಗುಡ್ಡೆ ಹಾಕಿ, ಒಲೆಯಿಂದ ಕೊಳ್ಳಿ ತಂದು ನಿಂತಿತ್ತು.

ಬೇಲಿಯ ಮರದಿಂದ ಅಳಿಲು ಕೂಗಿತು: "ಬೇಡ ಕೋಳಿಯಕ್ಕ! ನನ್ನ ಗೂಡು ಬರೀ ತೆಂಗಿನ ನಾರು. ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಗಾಳಿ ಬೇರೆ ಬಂದಿದೆ."

"ಅದಕ್ಕೇ ಕಣೇ ಕಾದಿದ್ದು! ಗಾಳಿ ಬಂದಾಗ ತೂರಿಕೊಳ್ಳಬೇಕು ಅಂತ ಹಿರಿಯರು ಸುಮ್ಮನೆ ಹೇಳಿದರೇನೇ?"

"ಅವರು ತೂರಿದ್ದು ಕಾಳನ್ನ ಅಕ್ಕ, ಕಿಡಿಯನ್ನಲ್ಲ!"

ಕೋಳಿ ಕೊಳ್ಳಿ ಇಟ್ಟೇಬಿಟ್ಟಿತು. ನಾನೋ ನಿಂತಲ್ಲಿ ನಿಲ್ಲಲಾರದವನು. ಒಂದು ಸುತ್ತು ತಿರುಗಿದೆ. ಕಿಡಿ ಹಾರಿ, ಅಳಿಲಿನ ಮರ ಸವರಿ, ಕೋಳಿಗೂಡಿನ ಹುಲ್ಲುಮಾಡಿನ ಮೇಲೆಯೇ ಹೋಗಿ ಕೂತಿತು. ಒಳಗೆ ಹೂಮರಿಗಳು ಚಿಂವ್‌ಗುಟ್ಟಿದವು. ಅಳಿಲು ಧುಮುಕಿ, ಕಲಗಚ್ಚಿನ ಬಾನಿಯಲ್ಲಿ ಬಾಲ ಅದ್ದಿ ಅದ್ದಿ ಬಡಿದು ಬೆಂಕಿ ಆರಿಸಿತು. ಅರ್ಧ ಬಾಲ ಬೋಳಾಯಿತು.

ಮರಿಗಳನ್ನು ರೆಕ್ಕೆಯಡಿ ಎಳೆದುಕೊಂಡ ಕೋಳಿ ನನ್ನನ್ನು ಕೆಕ್ಕರಿಸಿ ನೋಡಿತು: "ಎಲ್ಲಾ ಈ ಹಾಳು ಗಾಳಿಯಿಂದ!"

ನಾನು ಧೂಳಿನ ಗಂಟು ಕಟ್ಟತೊಡಗಿದೆ.

"ಬೇಗ ಹೊರಡು ಗಾಳಿಯಣ್ಣ," ಎಂದಿತು ಅಳಿಲು, ಸುಟ್ಟ ಬಾಲಕ್ಕೆ ಉಫ್ ಉಫ್ ಎಂದು ಊದುತ್ತಾ. "ಅಕ್ಕನ ಹತ್ತಿರ ಇನ್ನೊಂದು ಗುಡ್ಡೆ ಉಳಿದಿದೆ. ಗಾದೆಗಳಂತೂ ರಾಶಿ ಇವೆ."