ಠಾಣೆಯ ಬಾಗಿಲಲ್ಲಿ ಕೂಗಿದ ಹೆಸರು

ಕರಪತ್ರ ಹಂಚಿದನೆಂದು ಪೊಲೀಸರು ಮಾಬೂಸಾಬನನ್ನು ಎತ್ತಿಕೊಂಡು ಹೋಗಿದ್ದರು. ಹೆಂಡತಿ ಕೋರ್ಟಿಗೆ ಬಂದು ಅತ್ತಳು. ಅವನು ಅಲ್ಲಿದ್ದಾನೋ ಇಲ್ಲವೋ ನೋಡಿ ಬರೆದುಕೊಂಡು ಬರಲು ನ್ಯಾಯಾಧೀಶರು ಹೆಸರು ಕೂಗುವ ಮುದಿ ಜವಾನನನ್ನು ಠಾಣೆಗೆ ಕಳಿಸಿದರು. ಇನ್‌ಸ್ಪೆಕ್ಟರ್ ಬಾಗಿಲಿಗೆ ಅಡ್ಡ ನಿಂತ.

“ಅಂಥವ ಇಲ್ಲಿಲ್ಲ. ಹಂಗಂತ ಬರಕೊಂಡು ನಡಿ.”

“ಆತ್ರೀ ಸಾಹೇಬ್ರ. ಇಲ್ಲ ಅಂತ ಬರೀಬೇಕಂದ್ರ ಮೂರು ಸರ್ತಿ ಕೂಗಬೇಕ್ರಿ. ಕೋರ್ಟಿನ ಪದ್ಧತಿ.”

“ಮೂವತ್ತು ಸರ್ತಿ ಕೂಗು!”

ಜವಾನ ಗಂಟಲು ಸರಿಮಾಡಿಕೊಂಡು ಕೂಗಿದ. ಹೊಲದ ದಾವೆಗಾಗಿ ಹನ್ನೊಂದು ವರ್ಷ ಕೋರ್ಟಿಗೆ ಅಲೆದ ಮಾಬೂಸಾಬನಿಗೆ ಆ ದನಿ ಗೊತ್ತಿಲ್ಲವೇ? ಮೊದಲ ಕೂಗಿಗೇ ಲಾಕಪ್ಪಿನಿಂದ ಉತ್ತರ ಬಂತು: “ಅದೀನ್ರೀ, ಬಂದೆ!”

ಇನ್‌ಸ್ಪೆಕ್ಟರನ ಮುಖ ಕಪ್ಪಿಟ್ಟಿತು. ಸಂಜೆಗೆ ಮಾಬೂಸಾಬ ಮನೆ ಸೇರಿದ. ಕೋರ್ಟಿನಲ್ಲೆಲ್ಲ ನಗೆಯೋ ನಗೆ.

ಜವಾನ ಮಾತ್ರ ನಗಲಿಲ್ಲ. ಮೂವತ್ತು ವರ್ಷ ಕೋರ್ಟಿನ ಬಾಗಿಲಲ್ಲೇ ನಿಂತು ಕೂಗಿ, ಓಗೊಡದವರನ್ನೆಲ್ಲ ‘ಗೈರುಹಾಜರು’ ಎಂದು ಹೇಳಿಬಿಟ್ಟಿದ್ದ. ಅವರಲ್ಲಿ ಎಷ್ಟು ಜನ ಆ ಠಾಣೆಯ ಬಾಗಿಲ ಹಿಂದಿದ್ದರೋ.