ಗಾಳಿಯನ್ನು ಕರೆದವರು ಯಾರು?

"ನಾನು ಹೊರಟರೆ ಗಾಳಿಯೂ ದಾರಿ ಬಿಡಬೇಕು" ಎಂದು ಹೊಳೆಬಾಗಿಲು ಬಂದರಿನ ದೊರೆ ಬೊಮ್ಮಣ್ಣರಸ ಹೇಳಿದ್ದು ನಡುಮಧ್ಯಾಹ್ನ, ದೋಣಿ ಹತ್ತುವಾಗ. ಎದುರಿನ ದ್ವೀಪದಲ್ಲಿ ಅವನ ಮಾವನ ಮನೆಯ ಔತಣವಿತ್ತು. ಗಾಳಿಗೆ ಈ ಸಂಗತಿಯನ್ನು ಯಾರೂ ತಿಳಿಸಿರಲಿಲ್ಲ. ಅದು ಸಮುದ್ರದಿಂದ ನೇರ ಎದುರಿಗೆ ಬೀಸಿ, ಸಂಜೆಯ ಹೊತ್ತಿಗೆ ದೊರೆಯನ್ನು ಹೊರಟ ದಡಕ್ಕೇ ತಂದು ಬಿಟ್ಟಿತು.

ದೊರೆಯ ಕೋಪ ಗಾಳಿಯ ತನಕ ಹೋಗಲಾರದೆ ಅಂಬಿಗ ಕುಪ್ಪನ ಮೇಲೆ ಬಿತ್ತು. "ನಾಳೆ ಇವನ ದೋಣಿ ಒಡೆದು ನನ್ನ ಬಚ್ಚಲೊಲೆಗೆ ಹಾಕಿ!"

"ನಾನೆಂತ ಮಾಡ್ಲಿ ಒಡೆಯಾ? ಗಾಳಿ ಎದ್ರಿಗೇ ಬಂತಲ್ಲ!" ಎಂದು ಕುಪ್ಪ ಅತ್ತ. ದೋಣಿ ಹೋದರೆ ಅವನ ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ.

ಆಸ್ಥಾನದ ವಿದೂಷಕ ಮಾಳಪ್ಪಯ್ಯನಿಗೆ ಕರುಳು ಚುರುಕ್ಕೆಂದಿತು. ಆದರೆ ಸಿಟ್ಟಿಗೆದ್ದ ದೊರೆಗೆ ಬುದ್ಧಿ ಹೇಳುವಷ್ಟು ದಡ್ಡ ಅವನಲ್ಲ. ಮರುದಿನ ದೊರೆ ಮೈಗೆಲ್ಲ ಎಣ್ಣೆ ಬಳಿದುಕೊಂಡು ಬಚ್ಚಲಲ್ಲಿ ಕೂತಿದ್ದಾಗ ಹೋಗಿ ಬಾಗಿಲಲ್ಲಿ ನಿಂತ.

"ಪ್ರಭು, ಒಂದು ನ್ಯಾಯ ಕೇಳಬೇಕಿತ್ತು. ಊಟಕ್ಕೆ ಬಂದ ನೆಂಟ ನೆರೆಮನೆಯ ಗಡಿಗೆ ಒಡೆದರೆ ದಂಡ ಯಾರಿಗೆ?"

"ಕರೆದವನಿಗೆ! ಅದು ನಾನೇ ಮಾಡಿದ ಕಟ್ಟಳೆ."

"ಹಾಗಾದರೆ ನಿನ್ನೆಯ ಗಾಳಿಯನ್ನು ಕರೆದವರು ಯಾರೆಂದು ನೋಡಬೇಕಾಯಿತು." ಮಾಳಪ್ಪಯ್ಯ ಉರಿಯುವ ಒಲೆಯ ಬಾಯಿಯ ಬಳಿ ಒಂದು ಎಳೆ ಅರಳೆ ಬಿಟ್ಟ. ಅದು ಸರ್ರನೆ ಒಳಗೆ ಹೋಯಿತು. "ಯಾರು ಊದಿದರು, ಪ್ರಭು?"

"ಯಾರೂ ಇಲ್ಲ. ಒಲೆಯೇ ಎಳೆದುಕೊಂಡಿತು."

"ಕಾದ ಗಾಳಿ ಹಗುರಾಗಿ ಮೇಲೇರುತ್ತದೆ, ತೆರವಾದ ಜಾಗಕ್ಕೆ ತಣ್ಣಗಿನದು ನುಗ್ಗುತ್ತದೆ. ಬಿಸಿಲಿಗೆ ನೆಲ ಈ ಒಲೆಯಂತೆಯೇ ಕಾಯುತ್ತದೆ. ಸಮುದ್ರ ಅಷ್ಟು ಬೇಗ ಕಾಯುವುದಿಲ್ಲ. ಅಲ್ಲಿಯ ತಂಪು ಗಾಳಿಯನ್ನು ಇತ್ತ ಕರೆಯುವುದು ಕಾದ ನೆಲವೇ."

"ಹಾಗಾದರೆ ತಪ್ಪು ಆ ನೆಲದ ಒಡೆಯನದು!" ದೊರೆ ಎಣ್ಣೆ ಮೈಯಲ್ಲೇ ಎದ್ದು ನಿಂತ. "ಯಾರವನು? ಹಿಡಿದು ತನ್ನಿ!"

ಮಾಳಪ್ಪಯ್ಯ ಕೈಮುಗಿದ. "ಬಂದರಿನಿಂದ ಗುಡ್ಡದವರೆಗೆ ತಮ್ಮದಲ್ಲದ ಗೇಣು ನೆಲವಿಲ್ಲ, ಪ್ರಭು. ಆದ್ದರಿಂದ ದೋಣಿಯ ಬದಲು ತಮ್ಮ ಪಲ್ಲಕ್ಕಿಯನ್ನೇ ಹೊರಗೆ ತರಿಸಿದ್ದೇನೆ. ಬೀಟೆ ಮರ, ಚೆನ್ನಾಗಿ ಉರಿಯುತ್ತದೆ."

ದೊರೆ ಮೆಲ್ಲಗೆ ಮತ್ತೆ ಮಣೆಯ ಮೇಲೆ ಕೂತ. ಒಲೆಯನ್ನು ನೋಡಿದ, ಮಾಳಪ್ಪಯ್ಯನನ್ನು ನೋಡಿದ. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕ.

"ಪಲ್ಲಕ್ಕಿ ಒಳಗಿಡಿ! ಕುಪ್ಪನ ದೋಣಿ ಅವನಿಗೇ ಇರಲಿ, ಮೇಲೊಂದು ಹೊಸ ಹಾಯಿಯನ್ನೂ ಕೊಡಿ." ನಗು ಮುಗಿದ ಮೇಲೆ ಮಾತ್ರ ಅವನ ಮುಖ ಸ್ವಲ್ಪ ಸಪ್ಪಗಾಯಿತು. "ಅಲ್ಲ ಮಾಳಪ್ಪಯ್ಯ, ಈ ಗಾಳಿ ನನ್ನ ಮಾತು ಕೇಳುವ ಹೊತ್ತು ಒಂದೂ ಇಲ್ಲವೇ?"

"ಯಾಕಿಲ್ಲ, ಪ್ರಭು? ರಾತ್ರಿ ನೆಲ ಬೇಗ ಆರುತ್ತದೆ, ಸಮುದ್ರ ಬೆಚ್ಚಗೇ ಇರುತ್ತದೆ. ಆಗ ಗಾಳಿ ಇಲ್ಲಿಂದ ಹೊರಟು ನೇರ ತಮ್ಮ ಮಾವನ ಮನೆಯ ಕಡೆಗೇ ಬೀಸುತ್ತದೆ. ಬೆಳಕು ಹರಿಯುವವರೆಗೂ ತಮಗಾಗಿ ಕಾಯುತ್ತದೆ. ತಾವು ಏಳುವ ಲಕ್ಷಣ ಕಾಣದಿದ್ದಾಗ, ಏನಾಯಿತೋ ಎಂದು ನೋಡಿಕೊಂಡು ಹೋಗಲು ಮಧ್ಯಾಹ್ನ ತಾನೇ ಹಿಂದಿರುಗಿ ಬರುತ್ತದೆ."