ನಂಜಯ್ಯನ ಎಡೆ

ಜಾಹೀರಾತು ಕಂಪನಿಯ ಕೆಲಸ ಬಿಟ್ಟು ರಾಗಿ ಬೆಳೆಯಲು ಬಂದ ಇಂಚರ, ತೀರಿಕೊಂಡ ನಂಜಯ್ಯನ ಹೊಲ ಕೊಂಡಳು. ವಾರದೊಳಗೆ ಪಕ್ಕದ ಹೊಲದ ತಿಮ್ಮೇಗೌಡರು ಗಡಿಕಲ್ಲು ಕಿತ್ತು ಈಚೆಗೆ ನೆಟ್ಟರು. ಅವಳ ಬಾವಿ ಅವರ ಪಾಲಾಯಿತು. ಕೇಳಲು ಹೋದರೆ ಮೀಸೆ ತಿರುವಿದರು.

"ಬಾವಿ ನಂದೇ ಕಣಮ್ಮ. ಆ ಹೊಲದಲ್ಲಿ ನಂಜಯ್ಯ ಇನ್ನೂ ಓಡಾಡ್ತಾನೆ. ಪೇಟೆಯವಳು, ನಿನ್ನ ಕೈಲಾಗಲ್ಲ. ನಂಗೇ ಕೊಟ್ಟು ಹೋಗು."

ಇಂಚರ ಮನೆಗೆ ಹಿಂತಿರುಗಿದಳು. ಪಿತೃಪಕ್ಷದ ಅಮಾವಾಸ್ಯೆಯ ಸಂಜೆ ಬಾಳೆಲೆ, ಮುದ್ದೆ, ಬಾಡಿನ ಸಾರು, ಒಂದು ಬೀಡಿ ಹಿಡಿದು ಅವರ ಜಗಲಿಗೆ ಬಂದಳು.

"ಗೌಡ್ರೇ, ನಂಜಯ್ಯನಿಗೆ ಎಡೆ ಇಡ್ಬೇಕು. ಅವರು ದಿನಾ ಬಾವಿಕಟ್ಟೆ ಮೇಲೇ ಉಣ್ತಿದ್ರಂತೆ. ಆದ್ರೆ ಬಾವಿ ಈಗ ನಿಮ್ಮದು. ಉಂಡವರು ನೆಲದ ಯಜಮಾನರ ಮನೆಗೇ ಮಲಗೋಕೆ ಬರ್ತಾರಂತೆ. ಇಡ್ಲಾ?"

ಗೌಡರ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ಆಳನ್ನೂ ಕರೆಯದೆ ತಾವೇ ಹಾರೆ ಹೊತ್ತು ಓಡಿದರು. ಹೊತ್ತು ಮುಳುಗುವ ಮೊದಲೇ ಗಡಿಕಲ್ಲು ಹಳೇ ಜಾಗದಲ್ಲಿತ್ತು.

"ಬಾವಿ ನಿಂದೇ ತಾಯಿ. ಈಗ ಇಡು," ಎಂದವರು ಹಿಂದೆ ನೋಡದೆ ಮನೆ ಸೇರಿದರು.

ಇಂಚರ ನಗು ತಡೆದುಕೊಂಡು ಎಡೆ ಇಟ್ಟಳು.

ಬೆಳಿಗ್ಗೆ ಎಲೆ ಖಾಲಿಯಾಗಿತ್ತು. ನಾಯಿ ತಿಂದಿರಬೇಕು ಎಂದುಕೊಂಡಳು. ಬೀಡಿಯನ್ನು ಮಾತ್ರ ಯಾರೋ ತುದಿತನಕ ಸೇದಿದ್ದರು. ಮೋಟು ಮುಟ್ಟಿದಳು. ಇನ್ನೂ ಬೆಚ್ಚಗಿತ್ತು.

ಬೆನ್ನ ಹಿಂದೆ, ಬಾವಿಯ ಒಳಗಿನಿಂದ ಯಾರೋ ಕೆಮ್ಮಿದರು.

ಇಂಚರ ತಿರುಗಲಿಲ್ಲ. ಕೈಯನ್ನಷ್ಟೇ ಮೆಲ್ಲಗೆ ಎತ್ತಿ ತೋರಿಸಿದಳು.

"ಗೌಡ್ರ ಮನೆ ಆ ಕಡೆ, ನಂಜಯ್ಯನೋರೆ."